ಸೈನೈಡ್ ಗುಡ್ಡಗಳು ಹುಟ್ಟಿದ್ದು ಹೇಗೆ?

ಕೆಜಿಎಫ್‌ಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಬೂದು ಬಣ್ಣದ ಗುಡ್ಡಗಳು. ಮೇಲೆ ಚಪ್ಪಟೆ, ಪಕ್ಕದಲ್ಲಿ ಮಳೆ ನೀರು ಕೊರೆದ ಸೀಳುಗಳು, ಹಸಿರು ಬಹಳ ಕಡಿಮೆ. ಊರಿನವರು ಇವನ್ನು ಸೈನೈಡ್ ಗುಡ್ಡ ಅಂತಲೇ ಕರೆಯುತ್ತಾರೆ. ಸಿನಿಮಾದವರು ಚಿತ್ರೀಕರಣಕ್ಕೆ ಬರುತ್ತಾರೆ, ನೋಡಲು ಬಂದವರು ಫೋಟೊ ತೆಗೆದುಕೊಳ್ಳುತ್ತಾರೆ. ಆಷಾಢದ ಗಾಳಿ ಶುರುವಾದರೆ ಅದೇ ಗುಡ್ಡದ ಪುಡಿ ಮನೆಯ ಕಿಟಕಿ, ಒಣಗಲು ಹಾಕಿದ ಬಟ್ಟೆ, ನೀರಿನ ಕೊಡ ಎಲ್ಲದರ ಮೇಲೂ ಬಂದು ಕೂರುತ್ತದೆ.

1880ರಿಂದ 2001ರವರೆಗೆ ಗಣಿಯಿಂದ ಮೇಲೆತ್ತಿ, ಅರೆದು, ಚಿನ್ನ ತೆಗೆದು ಹೊರಗೆ ಸುರಿದ ಕಲ್ಲಿನ ಪುಡಿ ಇದು. ಒಟ್ಟು 13 ರಾಶಿಗಳು. ತೂಕ ಸುಮಾರು 3.3 ಕೋಟಿ ಟನ್, ಹರಡಿರುವ ಜಾಗ ಸಾವಿರ ಎಕರೆಗೂ ಸ್ವಲ್ಪ ಜಾಸ್ತಿ. ಈಗ ಇವನ್ನು ಮತ್ತೆ ಕೆದಕುವ ಮಾತು ನಡೆಯುತ್ತಿದೆ. ಹಾಗಾಗಿ ಈ ಗುಡ್ಡಗಳಿಗೆ ತನ್ನ ಹೆಸರು ಕೊಟ್ಟ ರಾಸಾಯನಿಕದ ಕತೆಯನ್ನು ಒಮ್ಮೆ ಸರಿಯಾಗಿ ತಿಳಿದುಕೊಳ್ಳಬೇಕು.

ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಕೋಲಾರಕ್ಕೆ ಬಂದಾಗ ಚಿನ್ನ ತೆಗೆಯುತ್ತಿದ್ದುದು ಪಾದರಸದಿಂದ. ಕಲ್ಲನ್ನು ಜಜ್ಜಿ, ನೀರಿನ ಜೊತೆ ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ಹರಿಸುತ್ತಿದ್ದರು. ಬಿಡಿಯಾಗಿರುವ ಚಿನ್ನದ ಕಣ ಪಾದರಸಕ್ಕೆ ಅಂಟಿಕೊಳ್ಳುತ್ತದೆ. ಆದರೆ ತೀರಾ ಸಣ್ಣ ಕಣಗಳು ಮತ್ತು ಗಂಧಕದ ಅದಿರಿನೊಳಗೆ ಸಿಕ್ಕಿಬಿದ್ದ ಚಿನ್ನ ನೀರಿನ ಜೊತೆ ಹರಿದು ಹೋಗುತ್ತಿದ್ದವು. ಪ್ರಪಂಚದ ಎಲ್ಲ ಚಿನ್ನದ ಗಣಿಗಳಿಗೂ ಆಗ ಇದೇ ತಲೆನೋವು. ದಕ್ಷಿಣ ಆಫ್ರಿಕಾದ ವಿಟ್ವಾಟರ್ಸ್‌ರ್ಯಾಂಡ್‌ನಲ್ಲಂತೂ ಆಳಕ್ಕೆ ಇಳಿದಂತೆ ಚಿನ್ನ ಕೈಗೇ ಸಿಗದಂತಾಗಿ, ಗಣಿಗಳು ಮುಚ್ಚುವ ಭಯ ಹುಟ್ಟಿತ್ತು.

ದಾರಿ ತೋರಿಸಿದವರು ಸ್ಕಾಟ್ಲೆಂಡಿನ ಗ್ಲಾಸ್ಗೋದ ಜಾನ್ ಸ್ಟೀವರ್ಟ್ ಮೆಕಾರ್ಥರ್ ಮತ್ತು ಫಾರೆಸ್ಟ್ ಸಹೋದರರು. ಸೈನೈಡ್ ನೀರಿನಲ್ಲಿ ಚಿನ್ನ ಕರಗುತ್ತದೆ ಅನ್ನುವುದು ಹೊಸ ಸಂಗತಿಯೇನಾಗಿರಲಿಲ್ಲ. 1840ರ ಹೊತ್ತಿಗೇ ಇಂಗ್ಲೆಂಡಿನಲ್ಲಿ ಲೋಹದ ಸಾಮಾನಿಗೆ ಚಿನ್ನ, ಬೆಳ್ಳಿಯ ಲೇಪ ಕೊಡಲು ಅದನ್ನು ಬಳಸುತ್ತಿದ್ದರು. ತೀರಾ ತೆಳುವಾದ ಸೈನೈಡ್ ದ್ರಾವಣವನ್ನು ಅರೆದ ಅದಿರಿನ ಮೂಲಕ ಹಾಯಿಸಿ, ಕರಗಿ ಬಂದ ಚಿನ್ನವನ್ನು ಸತುವಿನ ಚೂರುಗಳ ಮೇಲೆ ಇಳಿಸಬಹುದು ಅಂತ ತೋರಿಸಿದ್ದು ಇವರು. ಪೇಟೆಂಟ್ ಪಡೆದದ್ದು 1887ರಲ್ಲಿ. ಎರಡು ವರ್ಷದಲ್ಲಿ ನ್ಯೂಜಿಲೆಂಡಿನ ಒಂದು ಗಣಿ ಅದನ್ನು ಬಳಸಿತು, ಮರು ವರ್ಷ ದಕ್ಷಿಣ ಆಫ್ರಿಕಾ. 19ನೇ ಶತಮಾನ ಮುಗಿಯುವಷ್ಟರಲ್ಲಿ ಕೋಲಾರಕ್ಕೂ ಬಂದಿತ್ತು.

ಇದು ಕೆಲಸ ಮಾಡುವ ಬಗೆ ನೋಡಿ. ದ್ರಾವಣದಲ್ಲಿ ಸೈನೈಡ್ ಇರುವುದು ಸಾವಿರ ಲೀಟರ್ ನೀರಿಗೆ ಅರ್ಧ ಕಿಲೋ ಅಥವಾ ಇನ್ನೂ ಕಡಿಮೆ. ಅದರ ಜೊತೆ ಗಾಳಿಯ ಆಮ್ಲಜನಕ ಬೇಕೇ ಬೇಕು, ಇಲ್ಲದಿದ್ದರೆ ಚಿನ್ನ ಕರಗುವುದಿಲ್ಲ. ಸುಣ್ಣವನ್ನೂ ಹಾಕಬೇಕು. ಸುಣ್ಣ ಕಡಿಮೆಯಾಗಿ ದ್ರಾವಣದ ಕ್ಷಾರ ಇಳಿದರೆ ಸೈನೈಡ್ ಅನಿಲವಾಗಿ ಮೇಲೇಳುತ್ತದೆ. ಅಲ್ಲಿ ನಿಂತವರ ಜೀವಕ್ಕೇ ಅಪಾಯ. ಸೈನೈಡ್ ತೊಟ್ಟಿಗಳ ಹತ್ತಿರ ಕೆಲಸ ಮಾಡುವವರ ಜೀವ ಕಾಯುವುದು ನಾವು ಗೋಡೆಗೆ ಬಳಿಯುವ ಅದೇ ಸುಣ್ಣ.

ಕಲ್ಲನ್ನು ಅರೆಯುವುದೂ ಅಷ್ಟೇ ಮುಖ್ಯ. ದ್ರಾವಣ ಚಿನ್ನವನ್ನು ಮುಟ್ಟಬೇಕಾದರೆ ಕಲ್ಲು ರಾಗಿ ಹಿಟ್ಟಿನಷ್ಟು ನುಣ್ಣಗಾಗಬೇಕು. ಗುಡ್ಡಗಳ ಗುಟ್ಟು ಇರುವುದು ಇಲ್ಲೇ. ಮೊದಲಾದರೆ ಚಿನ್ನ ಕಡಿಮೆ ಇರುವ ಕಲ್ಲನ್ನು ಯಾರೂ ಮುಟ್ಟುತ್ತಿರಲಿಲ್ಲ. ಸೈನೈಡ್ ಬಂದ ಮೇಲೆ ಟನ್ನಿಗೆ ಕೆಲವೇ ಗ್ರಾಂ ಇದ್ದರೂ ಅರೆಯುವುದು ಲಾಭವಾಯಿತು. ಕೆಜಿಎಫ್ ಕೊಟ್ಟ ಚಿನ್ನ ಒಟ್ಟು ಸುಮಾರು 800 ಟನ್. ಉಳಿದಿದ್ದೆಲ್ಲ ಪುಡಿಯಾಗಿ ಹೊರಗೆ ಬಿತ್ತು.

ಗಣಿಗಳಿಗೆ ಇಷ್ಟೊಂದು ಸೈನೈಡ್ ಎಲ್ಲಿಂದ ಬಂತು ಅನ್ನುವುದು ಇನ್ನೊಂದು ಕತೆ. ನನಗೆ ಇದು ಬಹಳ ಇಷ್ಟ. ಹ್ಯಾಮಿಲ್ಟನ್ ಕ್ಯಾಸ್ಟ್‌ನರ್ ಅನ್ನುವ ಅಮೆರಿಕದ ರಸಾಯನ ತಜ್ಞ ಸೋಡಿಯಂ ಲೋಹವನ್ನು ಅಗ್ಗವಾಗಿ ತಯಾರಿಸುವ ವಿಧಾನ ಕಂಡುಹಿಡಿದು, 1888ರಲ್ಲಿ ಇಂಗ್ಲೆಂಡಿನ ಓಲ್ಡ್‌ಬರಿಯಲ್ಲಿ ಕಾರ್ಖಾನೆ ತೆರೆದರು. ಆಗ ಅಲ್ಯೂಮಿನಿಯಂ ತಯಾರಿಸಲು ಸೋಡಿಯಂ ಬೇಕಿತ್ತು. ಆದರೆ ಅಷ್ಟರಲ್ಲಿ ವಿದ್ಯುತ್ತಿನಿಂದಲೇ ಅಲ್ಯೂಮಿನಿಯಂ ತೆಗೆಯುವ ವಿಧಾನ ಬಂದುಬಿಟ್ಟಿತ್ತು. ಸೋಡಿಯಂ ಕೇಳುವವರೇ ಇಲ್ಲ. ಆಗ ಕೈ ಹಿಡಿದದ್ದು ಚಿನ್ನದ ಗಣಿಗಳು. ಸೋಡಿಯಂ, ಅಮೋನಿಯಾ ಮತ್ತು ಇದ್ದಿಲು ಸೇರಿಸಿ ಕ್ಯಾಸ್ಟ್‌ನರ್ ಸೋಡಿಯಂ ಸೈನೈಡ್ ಮಾಡಿದರು. ಸೋಡಿಯಂ ತೆಗೆಯಲು ಶುದ್ಧವಾದ ಕಾಸ್ಟಿಕ್ ಸೋಡಾ ಬೇಕಾಗಿ, ಉಪ್ಪುನೀರಿಗೆ ವಿದ್ಯುತ್ ಹಾಯಿಸಿ ಅದನ್ನು ತಯಾರಿಸುವ ಪಾದರಸದ ಸೆಲ್ ಕಟ್ಟಿದ್ದೂ ಅವರೇ. ಸೋಪು, ಕಾಗದ, ಬಟ್ಟೆ ಗಿರಣಿಗಳಿಗೆ ಬೇಕಾದ ಕಾಸ್ಟಿಕ್ ಸೋಡಾ ಮುಂದೆ ಹಲವು ದಶಕ ಬಂದದ್ದು ಇಂಥ ಸೆಲ್‌ಗಳಿಂದ. ಚಿನ್ನದ ಬೇಡಿಕೆ ಹೀಗೆ ಉಪ್ಪಿನ ಉದ್ಯಮವನ್ನೇ ಬದಲಾಯಿಸಿತು.

ಇಂದು ಸೈನೈಡ್ ಅಂದರೆ ಬರೀ ಗಣಿ ಅಂತ ಅಂದುಕೊಳ್ಳಬಾರದು. ಕಾರ್ಖಾನೆಗಳು ತಯಾರಿಸುವ ಹೈಡ್ರೋಜನ್ ಸೈನೈಡ್‌ನಲ್ಲಿ ಹೆಚ್ಚು ಪಾಲು ಹೋಗುವುದು ನೈಲಾನ್ ಮತ್ತು ಗಾಜಿನಂತಿರುವ ಅಕ್ರಿಲಿಕ್ ಹಾಳೆಗಳ ತಯಾರಿಕೆಗೆ. ಚಿನ್ನದ ಲೇಪದ ಒಡವೆ ಮಾಡುವವರಿಗೂ, ಯಂತ್ರದ ಬಿಡಿಭಾಗಗಳಿಗೆ ಲೇಪ ಕೊಡುವ ಸಣ್ಣ ಘಟಕಗಳಿಗೂ ಅದು ಬೇಕು. ನಮ್ಮದೇ ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯಲ್ಲಿ ಇವತ್ತಿಗೂ ಚಿನ್ನ ಕರಗುವುದು ಸೈನೈಡ್‌ನಲ್ಲೇ.

ಇದು ಭಯಂಕರ ವಿಷ, ನಿಜ. ದೇಹದ ಜೀವಕೋಶಗಳು ಆಮ್ಲಜನಕ ಬಳಸದಂತೆ ತಡೆಯುತ್ತದೆ. ರೈತರಿಗೆ ಇದು ಬೇರೆ ದಾರಿಯಿಂದ ಗೊತ್ತು. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳದ ಪೈರಿಗೆ ದನ ಬಾಯಿ ಹಾಕಿದರೆ ಸ್ವಲ್ಪ ಹೊತ್ತಿನಲ್ಲೇ ಕುಸಿದು ಬೀಳುತ್ತದೆ, ಅಲ್ವಾ? ಅಲ್ಲಿ ಕೆಲಸ ಮಾಡುವುದೂ ಇದೇ ಸೈನೈಡ್. ಪಶುವೈದ್ಯರು ತಕ್ಷಣ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್ ಕೊಟ್ಟು ಉಳಿಸಲು ನೋಡುತ್ತಾರೆ.

ಆದರೆ ಈ ವಿಷ ಬಯಲಿನಲ್ಲಿ ಬಹಳ ಕಾಲ ನಿಲ್ಲುವಂಥದ್ದಲ್ಲ. ಬಿಸಿಲು, ಗಾಳಿ, ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಒಡೆಯುತ್ತವೆ. ಕಬ್ಬಿಣದ ಜೊತೆ ಬೆಸೆದುಕೊಂಡ ಭಾಗ ಮಾತ್ರ ಗಟ್ಟಿಯಾಗಿ ಉಳಿಯುತ್ತದೆ. ಕೆಜಿಎಫ್ ಜನ ದಿನವೂ ಉಸಿರಾಡುವ ಧೂಳಿನಲ್ಲಿ ನನಗೆ ಜಾಸ್ತಿ ಚಿಂತೆ ಹುಟ್ಟಿಸುವುದು ಸಿಲಿಕಾ, ಅಂದರೆ ಬೆಣಚುಕಲ್ಲಿನ ನುಣುಪಾದ ಪುಡಿ. ಅದು ಬಿಸಿಲಿಗೆ ಕರಗುವುದಿಲ್ಲ, ನೂರು ವರ್ಷವಾದರೂ ಹಾಗೇ ಇರುತ್ತದೆ. ಶ್ವಾಸಕೋಶಕ್ಕೆ ಹೊಕ್ಕರೆ ಗಾಯ ಮಾಡಿ ಅಲ್ಲೇ ಉಳಿಯುತ್ತದೆ. ಭಾರತದಲ್ಲಿ ಸಿಲಿಕೋಸಿಸ್ ರೋಗ ಮೊದಲು ವರದಿಯಾದದ್ದೇ ಕೋಲಾರದ ಗಣಿಗಳಿಂದ, 1947ರಲ್ಲಿ. ಅದು ಗಣಿಯೊಳಗೆ ದುಡಿದವರ ರೋಗ. ಮೇಲಿನ ಗುಡ್ಡದಲ್ಲಿರುವುದೂ ಅದೇ ಕಲ್ಲು, ಇನ್ನೂ ನುಣ್ಣಗೆ ಅರೆದದ್ದು. ಹೆಸರಿನಲ್ಲಿರುವ ಸೈನೈಡ್ ಎಲ್ಲರ ಗಮನ ಸೆಳೆದು, ಈ ಪುಡಿಯ ಮಾತು ಹಿಂದೆ ಬಿದ್ದಿದೆ ಅಂತ ನನಗೆ ಅನ್ನಿಸುತ್ತದೆ.

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಗಣಿಯನ್ನು ಮುಚ್ಚಿತು. ಸಾವಿರಾರು ಜನರ ಕೆಲಸ ಹೋಯಿತು, ಗುಡ್ಡಗಳು ಉಳಿದವು. ಇತ್ತ ಚಿನ್ನದ ಬೆಲೆ ಏರುತ್ತಲೇ ಹೋಯಿತು. ಆ ಪುಡಿಯಲ್ಲಿ ಟನ್ನಿಗೆ ಒಂದು ಗ್ರಾಂ ಅಥವಾ ಅದಕ್ಕಿಂತ ಕಡಿಮೆ ಚಿನ್ನ ಇದೆ ಅನ್ನುವ ಅಂದಾಜಿದೆ. ಈಗಿನ ಬೆಲೆಗೆ ಅದೂ ದುಡ್ಡೇ. 2024ರ ಜೂನ್‌ನಲ್ಲಿ 13 ರಾಶಿಗಳಲ್ಲಿ ಮೇಲ್ಮೈ ಗಣಿಗಾರಿಕೆ ಮಾಡುವ ಕೇಂದ್ರದ ಪ್ರಸ್ತಾಪಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು.

ಕೆಲಸ ಬಂದರೆ ಊರಿಗೆ ಒಳ್ಳೆಯದೇ. ಆದರೆ ಒಂದು ಗ್ರಾಂ ಚಿನ್ನ ತೆಗೆದ ಮೇಲೂ ಒಂದು ಟನ್ ಪುಡಿ ಒಂದು ಟನ್ನಾಗಿಯೇ ಉಳಿಯುತ್ತದೆ. ಈ ಸಲ ಅದಕ್ಕೆ ಹೊಸದಾಗಿ ಸೈನೈಡ್ ಸೇರಿರುತ್ತದೆ, ನೀರಿನ ಕೆಸರಾಗಿ ಹೊರಗೆ ಬರುತ್ತದೆ. ಅಂಥ ಕೆಸರಿನ ಕಟ್ಟೆ ಒಡೆದರೆ ಏನಾಗುತ್ತದೆ ಅನ್ನುವುದಕ್ಕೆ ರೊಮೇನಿಯಾದ ಬಾಯಾ ಮಾರೆ ಇದೆ. ಅಲ್ಲಿಯೂ ನಡೆಯುತ್ತಿದ್ದುದು ಹಳೆಯ ಗಣಿ ಪುಡಿಯಿಂದ ಚಿನ್ನ ತೆಗೆಯುವ ಕೆಲಸವೇ. 2000ದ ಜನವರಿ 30ರಂದು ಮಳೆ ಮತ್ತು ಕರಗಿದ ಹಿಮದಿಂದ ಕಟ್ಟೆ ಒಡೆದು ಸುಮಾರು ಒಂದು ಲಕ್ಷ ಘನ ಮೀಟರ್ ಸೈನೈಡ್ ನೀರು ನದಿಗೆ ಸೇರಿತು. ಹಂಗೇರಿಯ ಟಿಸಾ ನದಿಯಲ್ಲಿ ರಾಶಿ ರಾಶಿ ಮೀನು ಸತ್ತವು. ವಿಷ ಡ್ಯಾನ್ಯೂಬ್‌ವರೆಗೂ ಹೋಯಿತು.

ಇದನ್ನು ತಡೆಯುವ ವಿದ್ಯೆ ಇಲ್ಲ ಅಂತೇನಿಲ್ಲ. ಗಂಧಕದ ಡೈಆಕ್ಸೈಡ್ ಮತ್ತು ಗಾಳಿ ಹಾಯಿಸಿ, ಸ್ವಲ್ಪ ತಾಮ್ರದ ನೆರವಿನಿಂದ ಸೈನೈಡ್ ಅನ್ನು ತೊಟ್ಟಿಯಲ್ಲೇ ಒಡೆಯಬಹುದು. ಕೆಸರಿನ ನೀರನ್ನು ಹಿಂಡಿ ಮತ್ತೆ ಬಳಸಬಹುದು. ಕೋಲಾರದಂಥ ಒಣ ಜಿಲ್ಲೆಯಲ್ಲಿ ಅದನ್ನು ಮಾಡಲೇಬೇಕು. ಉಳಿದ ಪುಡಿಯ ಮೇಲೆ ಮಣ್ಣು ಹರಡಿ ಹುಲ್ಲು, ಗಿಡ ಹಿಡಿಸಬಹುದು. ಇದಕ್ಕೆಲ್ಲ ಹಣ ಬೇಕು. ಚಿನ್ನ ತೆಗೆದು ಮುಗಿದ ಮೇಲೆ ಆ ಹಣ ಕೊಡಲು ಯಾರೂ ಇರುವುದಿಲ್ಲ. ಹಾಗಾಗಿ ಮೊದಲ ಬುಟ್ಟಿ ಪುಡಿ ಎತ್ತುವ ಮುಂಚೆಯೇ ಅದನ್ನು ಠೇವಣಿ ಇಡಿಸಿಕೊಳ್ಳಬೇಕು. ಅಗೆಯುವಾಗ ಏಳುವ ಧೂಳನ್ನು ಯಾರು ಅಳೆಯುತ್ತಾರೆ, ಎಷ್ಟಾದರೆ ಕೆಲಸ ನಿಲ್ಲಿಸುತ್ತಾರೆ ಅನ್ನುವುದನ್ನೂ ಆ ಗುಡ್ಡಗಳ ಬುಡದ ಮನೆಗಳಲ್ಲಿರುವವರಿಗೆ ಟೆಂಡರ್ ಹೊತ್ತಿಗೇ ತಿಳಿಸಬೇಕು.