ಟೆಂಡರ್ ಆನ್‌ಲೈನ್ ಆದ ಮೇಲೂ ಮತ್ತೆ ಮತ್ತೆ ಒಬ್ಬರಿಗೇ ಯಾಕೆ ಸಿಗುತ್ತದೆ?

ಪ್ರಶ್ನೆ: ಸರ್ಕಾರಿ ಟೆಂಡರ್ ಕರೆಯುವುದು, ಬಿಡ್ ಹಾಕುವುದು, ತೆರೆಯುವುದು ಎಲ್ಲಾ ಈಗ ಆನ್‌ಲೈನ್. ಕಡಿಮೆ ದರ ಹೇಳಿದವರಿಗೇ ಕೆಲಸ. ಆದರೂ ಮತ್ತೆ ಮತ್ತೆ ಒಬ್ಬರೇ ಗೆಲ್ಲುವುದು, ಕೊನೆಗೆ ಖರ್ಚೂ ಜಾಸ್ತಿ ಆಗುವುದು ಹೇಗೆ?

ಉತ್ತರ: ಆನ್‌ಲೈನ್ ಆಗಿರುವುದು ಹೆಚ್ಚಾಗಿ ಮಧ್ಯದ ಭಾಗ ಮಾತ್ರ. ಟೆಂಡರ್ ಪ್ರಕಟವಾದ ದಿನದಿಂದ ಗೆದ್ದವರ ಹೆಸರು ಹೊರಬೀಳುವ ದಿನದವರೆಗೆ ನಮಗೆ ಕಾಣುತ್ತದೆ. ಆಟ ನಡೆಯುವುದು ಅದಕ್ಕೂ ಮುಂಚೆ, ಇಲ್ಲಾ ಅದು ಮುಗಿದ ಮೇಲೆ.

ಮುಂಚಿನದ್ದನ್ನು ಮೊದಲು ನೋಡೋಣ. ಒಂದು ಇಲಾಖೆಗೆ ಲ್ಯಾಪ್‌ಟಾಪ್ ಬೇಕು ಅಂದುಕೊಳ್ಳಿ. ಟೆಂಡರ್‌ನಲ್ಲಿ ಹೀಗೆ ಬರೆದಿದ್ದಾರೆ: ತೂಕ 1.34 ಕಿಲೋ ಮೀರಬಾರದು, ದಪ್ಪ 15.9 ಮಿಲಿಮೀಟರ್ ಒಳಗಿರಬೇಕು, ಎಡಗಡೆ ಎರಡು ಪೋರ್ಟ್ ಇರಬೇಕು, ಬಲಗಡೆ ಒಂದು. ಕಚೇರಿಯಲ್ಲಿ ಕೂತು ಪತ್ರ ಟೈಪ್ ಮಾಡುವವರಿಗೆ ಪೋರ್ಟ್ ಎಡಗಡೆ ಇದ್ದರೇನು, ಬಲಗಡೆ ಇದ್ದರೇನು? ಇದು ಅಗತ್ಯದ ಪಟ್ಟಿ ಅಲ್ಲ, ಒಂದು ಕಂಪನಿಯ ಕ್ಯಾಟಲಾಗ್ ಪುಟ. ಹೆಸರೊಂದನ್ನು ಬಿಟ್ಟು ಉಳಿದಿದ್ದೆಲ್ಲಾ ಇದೆ. ಅದಕ್ಕೆ ಇಷ್ಟು ವರ್ಷದ ಅನುಭವ, ಇಷ್ಟು ವಹಿವಾಟು ಅಂತ ಸೇರಿಸಿ, ಬಿಡ್ ಹಾಕಲು ಏಳು ದಿನ ಕೊಟ್ಟರೆ ಮುಗಿಯಿತು. ಉಳಿದವರು ಬಾಗಿಲಲ್ಲೇ ನಿಂತರು. ಮೇಲ್ನೋಟಕ್ಕೆ ಎಲ್ಲವೂ ಬಹಿರಂಗ, ಎಲ್ಲವೂ ನಿಯಮದ ಪ್ರಕಾರ.

ಇಲ್ಲಿ ಒಂದು ಮಾತು ಹೇಳಲೇಬೇಕು. ಇಂಥದ್ದೆಲ್ಲಾ ಲಂಚದಿಂದಲೇ ಆಗುತ್ತದೆ ಅಂತಲ್ಲ. ಎಷ್ಟೋ ಕಡೆ ಖರೀದಿ ಅನ್ನುವುದು ಯಾವುದೋ ಅಧಿಕಾರಿಯ ತಲೆಗೆ ಕಟ್ಟಿದ ಹೆಚ್ಚುವರಿ ಕೆಲಸ. ಅವರಿಗೆ ತರಬೇತಿ ಇಲ್ಲ, ಮಾರುಕಟ್ಟೆಯಲ್ಲಿ ಏನೇನು ಸಿಗುತ್ತದೆ ಅಂತ ತಿಳಿಯಲು ಸಮಯವೂ ಇಲ್ಲ. ಮಾರುವವರೇ ತಂದುಕೊಟ್ಟ ಹಾಳೆ ನೋಡಿ ಷರತ್ತು ಬರೆಯುತ್ತಾರೆ. ಕೆಟ್ಟ ಉದ್ದೇಶವೇ ಇಲ್ಲದೆಯೂ ಬಾಗಿಲು ಮುಚ್ಚಿಹೋಗುತ್ತದೆ. ಹಾಗಾಗಿ ಪಾರದರ್ಶಕತೆಯ ಜೊತೆಗೆ ಕೆಲಸ ಗೊತ್ತಿರುವ ಖರೀದಿದಾರರೂ ಬೇಕು.

ಇನ್ನು ಟೆಂಡರ್ ಮುಗಿದ ಮೇಲಿನ ಆಟ. ಇದು ನನಗೆ ಹೆಚ್ಚು ಸಿಟ್ಟು ತರಿಸುವ ಭಾಗ, ಯಾಕೆಂದರೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ಕಟ್ಟಡಕ್ಕೆ ಅಡಿಪಾಯ ಅಗೆಯಬೇಕು. ಅಂದಾಜು ಪಟ್ಟಿಯಲ್ಲಿ ಮಣ್ಣು 1,000 ಘನ ಮೀಟರ್, ಬಂಡೆ 50 ಘನ ಮೀಟರ್ ಅಂತಿದೆ. ಬಿಡ್ ಹಾಕಿದ ಇಬ್ಬರಲ್ಲಿ ಮೊದಲನೆಯವರು ಘನ ಮೀಟರ್‌ಗೆ ಮಣ್ಣಿಗೆ 10 ರೂಪಾಯಿ, ಬಂಡೆಗೆ 40 ರೂಪಾಯಿ ದರ ಹಾಕಿದರು. ಒಟ್ಟು 12,000. ಎರಡನೆಯವರು ಮಣ್ಣಿಗೆ ಬರೀ 6 ಹಾಕಿ, ಬಂಡೆಗೆ 100 ಹಾಕಿದರು. ಒಟ್ಟು 11,000. ಎರಡನೆಯವರೇ ಎಲ್-1, ಅಂದರೆ ಎಲ್ಲರಿಗಿಂತ ಕಡಿಮೆ ದರ ಹೇಳಿದವರು. ಕೆಲಸ ಅವರದ್ದು.

ಅಗೆಯಲು ಶುರು ಮಾಡಿದರೆ ಬಂಡೆ 50 ಅಲ್ಲ, 450 ಇದೆ. ಮಣ್ಣು 600 ಮಾತ್ರ. ಈಗ ಅದೇ ದರದಲ್ಲಿ ಬಿಲ್ ಹಾಕಿ ನೋಡಿ. ಮೊದಲನೆಯವರಾಗಿದ್ದರೆ 24,000 ಆಗುತ್ತಿತ್ತು. ಗೆದ್ದವರ ಬಿಲ್ 48,600. ಕಡಿಮೆ ದರ ಹೇಳಿದವರಿಗೇ ಕೊಟ್ಟು, ಎರಡರಷ್ಟು ಕಟ್ಟಿದ ಹಾಗಾಯಿತು. ಬಂಡೆ ಜಾಸ್ತಿ ಇದೆ ಅಂತ ಗೆದ್ದವರಿಗೆ ಮೊದಲೇ ಗೊತ್ತಿತ್ತಾ? ಇರಬಹುದು. ಆದರೆ ಸರ್ಕಾರಕ್ಕೆ ಯಾಕೆ ಗೊತ್ತಿರಲಿಲ್ಲ? ಅಂದಾಜು ಬರೆಯುವ ಮೊದಲು ನಾಲ್ಕು ಕಡೆ ಬೋರ್ ಹಾಕಿ ನೆಲ ಪರೀಕ್ಷೆ ಮಾಡಿಸಿದ್ದರೆ ತಿಳಿಯುತ್ತಿತ್ತು. ದರ ಪಟ್ಟಿ ಓದಲು ಬಲ್ಲ ಎಂಜಿನಿಯರ್ ಇದ್ದಿದ್ದರೆ, ಬಂಡೆಗೆ ಇಷ್ಟು ದರ ಯಾಕೆ ಅಂತ ಗುತ್ತಿಗೆ ಕೊಡುವ ಮೊದಲೇ ಕೇಳುತ್ತಿದ್ದರು.

ಬಿಡ್‌ದಾರರೇ ಒಳಗೊಳಗೆ ಮಾತಾಡಿಕೊಂಡು ಈ ಸಲ ನಿನಗೆ, ಮುಂದಿನ ಸಲ ನನಗೆ ಅನ್ನುವುದೂ ಇದೆ. ಅದು ಹಳೆಯ ಚಾಳಿ. ಎರಡು ಬಿಡ್‌ಗಳಲ್ಲಿ ಒಂದೇ ಕಾಗುಣಿತದ ತಪ್ಪು, ಒಂದೇ ಕಂಪ್ಯೂಟರ್‌ನಿಂದ ಬಂದ ಎರಡು ಫೈಲ್, ಇಂಥ ಗುರುತಿನಿಂದ ಅದು ಸಿಕ್ಕಿಬೀಳುತ್ತದೆ.

ಹಾಗಾದರೆ ಆನ್‌ಲೈನ್‌ನಿಂದ ಪ್ರಯೋಜನವೇ ಇಲ್ವಾ? ಖಂಡಿತ ಇದೆ. ಉಕ್ರೇನ್‌ನಲ್ಲಿ ಪ್ರೊಜೊರೊ ಅನ್ನುವ ವ್ಯವಸ್ಥೆ 2016ರ ಆಗಸ್ಟ್‌ನಿಂದ ಎಲ್ಲಾ ಸರ್ಕಾರಿ ಖರೀದಿದಾರರಿಗೂ ಕಡ್ಡಾಯವಾಯಿತು. "ಎಲ್ಲರೂ ಎಲ್ಲವನ್ನೂ ನೋಡುತ್ತಾರೆ" ಅನ್ನುವುದು ಅದರ ಘೋಷವಾಕ್ಯ. ಹರಾಜು ಮುಗಿದ ಮೇಲೆ ಸೋತವರ ಬಿಡ್ ಕೂಡ ಅಲ್ಲಿ ಕಾಣುತ್ತದೆ. ಯಾರನ್ನು ಯಾವ ಕಾರಣಕ್ಕೆ ಹೊರಗಿಟ್ಟರು ಅಂತ ಹೊರಗಿನವರೂ ಪ್ರಶ್ನೆ ಮಾಡಬಹುದು.

ಆದರೆ ಅಷ್ಟೇ ಸಾಲದು ಅನ್ನುವುದಕ್ಕೂ ಲೆಕ್ಕ ಇದೆ. ಯುರೋಪಿಯನ್ ಒಕ್ಕೂಟದಲ್ಲಿ ಟೆಂಡರ್ ಪ್ರಕಟಣೆಯ ನಿಯಮಗಳು ಬಿಗಿಯಾಗಿವೆ. ಆದರೂ ಒಬ್ಬರೇ ಬಿಡ್ ಹಾಕಿದ ಟೆಂಡರ್‌ಗಳ ಪಾಲು 2011ರಿಂದ 2021ರೊಳಗೆ ಹೆಚ್ಚುಕಡಿಮೆ ಎರಡರಷ್ಟಾಗಿ ಶೇ. 40 ದಾಟಿದೆ ಅಂತ ಒಕ್ಕೂಟದ ಲೆಕ್ಕ ಪರಿಶೋಧಕರೇ 2023ರಲ್ಲಿ ಹೇಳಿದರು. ಬಾಗಿಲು ತೆರೆದಿದ್ದರೂ ಜನ ಒಳಗೆ ಬರುತ್ತಿಲ್ಲ ಅಂದರೆ, ಹೊಸ್ತಿಲು ಎಷ್ಟು ಎತ್ತರ ಇದೆ ಅಂತ ನೋಡಬೇಕು ಅಲ್ವಾ?

ಟೆಂಡರ್ ಮುಗಿದ ಮೇಲಿನ ಭಾಗಕ್ಕೆ ನನಗೆ ತುಂಬಾ ಹಿಡಿಸಿದ್ದು ಸ್ಲೊವಾಕಿಯಾದ ನಿಯಮ. 2011ರಿಂದ ಅಲ್ಲಿ ಸರ್ಕಾರಿ ಒಪ್ಪಂದ ಇಂಟರ್‌ನೆಟ್‌ನಲ್ಲಿ ಪ್ರಕಟವಾಗುವವರೆಗೆ ಜಾರಿಗೇ ಬರುವುದಿಲ್ಲ. ಮೂರು ತಿಂಗಳಲ್ಲಿ ಪ್ರಕಟವಾಗದಿದ್ದರೆ ಒಪ್ಪಂದವೇ ಆಗಿಲ್ಲ ಅಂತ ಲೆಕ್ಕ. ಮುಚ್ಚಿಟ್ಟರೆ ನಷ್ಟ ಗುತ್ತಿಗೆದಾರರಿಗೇ. ಹಾಗಾಗಿ ಪ್ರಕಟಿಸಿ ಅಂತ ಅವರೇ ಬೆನ್ನು ಹತ್ತುತ್ತಾರೆ.

ನೀವು ಯಾವುದಾದರೂ ಕಾಮಗಾರಿಯ ಬೆನ್ನು ಹತ್ತಿದರೆ ಗೆದ್ದವರ ಹೆಸರು ಕೇಳಿ ಸುಮ್ನೆ ಆಗಬೇಡಿ. ಷರತ್ತು ಬರೆದವರು ಯಾರು, ಎಷ್ಟು ಬಿಡ್ ಬಂದವು, ಎಷ್ಟನ್ನು ದರ ನೋಡುವ ಮೊದಲೇ, ತಾಂತ್ರಿಕ ಹಂತದಲ್ಲೇ ತಳ್ಳಿಹಾಕಿದರು ಅಂತ ಕೇಳಿ. ಆಮೇಲೆ ಮೂಲ ಅಂದಾಜು ಪಟ್ಟಿ ಮತ್ತು ಕೊನೆಯ ಬಿಲ್ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು, ಬಂಡೆಯ ಸಾಲನ್ನು ಮೊದಲು ಓದಿ.