ಉಕ್ರೇನಿನ ಮುಂಚೂಣಿಯಲ್ಲಿ ನಲವತ್ತು ದಾಟಿದವರೇ ಏಕೆ?

ಉಕ್ರೇನಿನ ಕಂದಕಗಳ ಚಿತ್ರ ನೋಡಿದವರಿಗೆ ನರೆತ ಗಡ್ಡಗಳು ಕಣ್ಣಿಗೆ ಬಿದ್ದೇ ಇರುತ್ತವೆ. ಅಲ್ಲಿನ ಸೈನಿಕರ ಸರಾಸರಿ ವಯಸ್ಸು 40 ದಾಟಿದೆ. ಹದಿನೆಂಟು ತುಂಬಿದವರು ತಾವಾಗಿ ಸೇನೆ ಸೇರಬಹುದು, ಆದರೆ ಕಡ್ಡಾಯವಾಗಿ ಕರೆಸಿಕೊಳ್ಳುವ ವಯಸ್ಸು 27 ಇತ್ತು. 2024ರ ಏಪ್ರಿಲ್‌ನಲ್ಲಿ ಅದನ್ನು 25ಕ್ಕೆ ಇಳಿಸಲಾಯಿತು.

ಇದರ ಬೇರು ಈ ಯುದ್ಧಕ್ಕಿಂತ ಹಳೆಯದು. 1932–33ರ ಕ್ಷಾಮ, ಅದಾದ ಮೇಲೆ ಎರಡನೇ ಮಹಾಯುದ್ಧ ಲಕ್ಷಗಟ್ಟಲೆ ಜನರನ್ನು ನುಂಗಿದವು. ಹಾಗಿದ್ದೂ 1991ರಲ್ಲಿ ದೇಶ ಸ್ವತಂತ್ರವಾದಾಗ ಸುಮಾರು 5.2 ಕೋಟಿ ಜನರಿದ್ದರು. ಆಮೇಲಿನ ಹತ್ತು ವರ್ಷ ಕೈಗೆ ಸಂಬಳ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮಗು ಬೇಕು ಎನ್ನಲು ಯಾರಿಗೆ ಧೈರ್ಯ ಬಂದೀತು? 1990ರಲ್ಲಿ ಆರೂವರೆ ಲಕ್ಷದಷ್ಟಿದ್ದ ಜನನ 2001ಕ್ಕೆ 3.8 ಲಕ್ಷದ ಆಸುಪಾಸಿಗೆ ಕುಸಿಯಿತು. ಆ ವರ್ಷ ಹುಟ್ಟಿದ ಕೂಸಿಗೆ ರಷ್ಯಾದ ಸೇನೆ ನುಗ್ಗಿದ 2022ರಲ್ಲಿ 21 ವರ್ಷ. ಅವನ ಓರಗೆಯವರೇ ಕಡಿಮೆ, ಇನ್ನು ಮದುವೆ, ಮಕ್ಕಳು ಆಗಬೇಕಾದವರೂ ಅವರೇ. ಅವರನ್ನು ಕಂದಕಕ್ಕೆ ಕಳಿಸುವುದೆಂದರೆ ಬಿತ್ತನೆಗೆ ಇಟ್ಟ ಕಾಳನ್ನೇ ಬೀಸಿ ಉಂಡ ಹಾಗೆ. ಹಾಗಾದರೆ ನಲವತ್ತರವನ ಜೀವ ಅಗ್ಗವೇ ಎಂದು ಅವನ ಹೆಂಡತಿ ಕೇಳಿದರೆ ಯಾವ ಲೆಕ್ಕವೂ ಉತ್ತರ ಕೊಡಲಾರದು.

ವಲಸೆಯ ಕಥೆಯೂ ಇಲ್ಲೇ ಸೇರಿಕೊಳ್ಳುತ್ತದೆ. 2022ರ ಫೆಬ್ರವರಿ 24ರಂದು ಸೇನಾ ಕಾನೂನು ಜಾರಿಯಾಗಿ 18ರಿಂದ 60ರೊಳಗಿನ ಗಂಡಸರು ದೇಶ ಬಿಡುವಂತಿರಲಿಲ್ಲ. ಮೂರು ಮಕ್ಕಳ ತಂದೆಗೆ, ಅಂಗವಿಕಲರಿಗೆ ವಿನಾಯಿತಿ ಇತ್ತು. ಪೋಲೆಂಡಿನ ಮೆದಿಕಾ ಗಡಿಯವರೆಗೆ ಕಾರು ಓಡಿಸಿಕೊಂಡು ಬಂದ ಅಪ್ಪಂದಿರು ಮಕ್ಕಳ ಜಾಕೆಟ್ಟಿನ ಜಿಪ್ ಎಳೆದು, ಸೂಟ್‌ಕೇಸು ಹೆಂಡತಿಯ ಕೈಗಿತ್ತು ಹಿಂದಿರುಗಿದರು. ಐರೋಪ್ಯ ಒಕ್ಕೂಟ ಮಾರ್ಚ್ 4ರಂದೇ ತಾತ್ಕಾಲಿಕ ರಕ್ಷಣೆ ಕೊಟ್ಟಿತು: ವಾಸ, ಕೆಲಸ, ಶಾಲೆ ಎಲ್ಲಕ್ಕೂ ಅನುಮತಿ. ಹಾಗೆ ಹೋಗಿ ಹೊರಗುಳಿದವರು 50 ಲಕ್ಷಕ್ಕೂ ಹೆಚ್ಚು, ಹೆಚ್ಚಿನವರು ಹೆಂಗಸರು, ಮಕ್ಕಳು. ಒಂದನೇ ತರಗತಿಗೆ ಸೇರಿದ ಮಗು ಈಗ ಪೋಲಿಷ್‌ನಲ್ಲೋ ಜರ್ಮನ್‌ನಲ್ಲೋ ಲೆಕ್ಕ ಮಾಡುತ್ತದೆ. ನಾಳೆ ಗಡಿ ಪೂರ್ತಿ ತೆರೆದರೆ ತಾಯಿ ಮಕ್ಕಳು ಊರಿಗೆ ಬರುತ್ತಾರೋ, ಅಪ್ಪನೇ ಅವರಿದ್ದಲ್ಲಿಗೆ ಹೊರಡುತ್ತಾನೋ ಎನ್ನುವುದರ ಮೇಲೆ ದೇಶದ ಜನಸಂಖ್ಯೆ ನಿಂತಿದೆ.

ಇನ್ನೊಂದು ಸೋರಿಕೆ ಸದ್ದಿಲ್ಲದೆ ನಡೆಯಿತು. ಹದಿನೆಂಟು ತುಂಬಿದರೆ ಗಡಿ ಮುಚ್ಚುತ್ತದೆಂದು ಹೆತ್ತವರು ಹದಿನೇಳರ ಮಗನನ್ನು ಮೊದಲೇ ಹೊರದೇಶಕ್ಕೆ ಕಳಿಸತೊಡಗಿದರು. ಉಳಿಸಿಕೊಳ್ಳಲೆಂದು ಮಾಡಿದ ನಿಯಮವೇ ಹುಡುಗರನ್ನು ಬೇಗ ಹೊರಡಿಸಿತು. ಕೊನೆಗೆ 2025ರ ಆಗಸ್ಟ್‌ನಲ್ಲಿ 18ರಿಂದ 22ರವರು ಹೋಗಿಬರಲು ಸರ್ಕಾರ ಒಪ್ಪಿತು. ಅಷ್ಟರಲ್ಲಿ, 2023ರಲ್ಲಿ, ಇಡೀ ವರ್ಷದ ಜನನ 1.9 ಲಕ್ಷಕ್ಕಿಂತ ಕೆಳಗೆ ಬಂದಿತ್ತು. ಆ ಕೂಸುಗಳಿಗೆ 18 ತುಂಬುವುದು 2041ರಲ್ಲಿ.