ತೋಟದಲ್ಲೇ ಹುಟ್ಟಿದ ಆನೆಯನ್ನು ಯಾವ ಕಾಡಿಗೆ ಅಟ್ಟುವುದು?

ಸಕಲೇಶಪುರ, ಆಲೂರು, ಬೇಲೂರು ಕಡೆಯಿಂದ ಕಾಡಾನೆ ಸುದ್ದಿ ಬಂದಾಗಲೆಲ್ಲ ಒಂದೇ ಮಾತು: ‘ಅವನ್ನು ಕಾಡಿಗೆ ಅಟ್ಟಿ.’ ಸರಿ, ಯಾವ ಕಾಡಿಗೆ? ಇಲ್ಲಿನ ಎಷ್ಟೋ ಆನೆಗಳು ಹುಟ್ಟಿ ಬೆಳೆದದ್ದೇ ಕಾಫಿ ತೋಟದಲ್ಲಿ.

ಹಿಂದೆ ಮೈಸೂರು ಸೀಮೆಯಲ್ಲಿ ಆನೆ ಹಿಡಿಯಲು ಖೆಡ್ಡಾ ಇತ್ತು. 1870ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿ ಸ್ಯಾಂಡರ್ಸನ್ ಶುರುಮಾಡಿದ್ದು. ಇಡೀ ಹಿಂಡನ್ನು ಬೆದರಿಸಿ ದಿಮ್ಮಿಗಳ ಆವರಣಕ್ಕೆ ನೂಕಿ, ಪಳಗಿಸಿ, ಕೆಲಸಕ್ಕೆ ಹಚ್ಚುತ್ತಿದ್ದರು. ಅರಮನೆಯ ಅತಿಥಿಗಳಿಗೆ ಅದೊಂದು ತಮಾಷೆ ಬೇರೆ. ಕಾಕನಕೋಟೆಯಲ್ಲಿ 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು.

ಅದೇ ದಶಕದಲ್ಲಿ ಹಾಸನದ ನೆಲವೂ ಬದಲಾಯಿತು. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿಯಿತು. ಮುಳುಗಡೆಯಾದವರಿಗೆ ಬೇರೆ ಕಡೆ ಜಮೀನು ಕೊಟ್ಟರು, ಅದರಲ್ಲಿ ಕಾಡೂ ಸೇರಿತ್ತು. ಉಳಿದ ಕಾಡು ಚೂರುಚೂರಾಯಿತು. ಆನೆಗಳಿಗೆ ಸಿಕ್ಕಿದ್ದು ಹಿನ್ನೀರು ಮತ್ತು ತೋಟ. ಕಾಫಿ ತೋಟ ಅಂದರೆ ಸುಮ್ನೆ ಅಲ್ಲ: ದಟ್ಟ ನೆರಳು, ಬೇಸಿಗೆಯಲ್ಲೂ ಬತ್ತದ ಕೆರೆ, ಹಲಸಿನ ಮರ, ಬೈನೆ ಮರ. ಪಕ್ಕದಲ್ಲೇ ಭತ್ತದ ಗದ್ದೆ. ಹಗಲು ತೋಟದಲ್ಲಿ ನಿದ್ದೆ, ರಾತ್ರಿ ಗದ್ದೆಯಲ್ಲಿ ಊಟ. ಕೊಡಗಿನಲ್ಲಂತೂ ಆನೆಗಳು ಕಾಫಿ ಹಣ್ಣಿನ ರುಚಿಯನ್ನೂ ಕಂಡುಕೊಂಡಿವೆ. ಲದ್ದಿಯಲ್ಲಿ ಬೀಜ ಹಾಗೇ ಬಿದ್ದಿರುತ್ತದೆ.

ಹೈಕೋರ್ಟ್ ನೇಮಿಸಿದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಆಲೂರು ಭಾಗದ ಆನೆಗಳನ್ನು ಹಿಡಿದು ಸಾಗಿಸಿ ಎಂದಿತು. 2014ರಲ್ಲಿ 22 ಆನೆ ಹಿಡಿದರು. ಸಮಸ್ಯೆ ಮುಗಿಯಬೇಕಿತ್ತು, ಅಲ್ವಾ? ಮುಗಿಯಲಿಲ್ಲ. ಜಾಗ ಖಾಲಿಯಾದರೂ ಮೇವು, ನೀರು, ನೆರಳು ಅಲ್ಲೇ ಇತ್ತು. ಬೇರೆ ಆನೆಗಳು ಬಂದು ಸೇರಿಕೊಂಡವು.

ಹಿಡಿಯುವ ಕೆಲಸದ ಬೆಲೆ ಏನು ಅಂತ 2023ರ ಡಿಸೆಂಬರ್ 4ರಂದು ಇಡೀ ನಾಡಿಗೆ ಗೊತ್ತಾಯಿತು. ಸಕಲೇಶಪುರ ತಾಲ್ಲೂಕಿನ ಯಸಳೂರು ಅರಣ್ಯ ವಲಯದಲ್ಲಿ ಕಾರ್ಯಾಚರಣೆಗೆ ಹೋಗಿದ್ದ ಸಾಕಾನೆ ಅರ್ಜುನ ಒಂಟಿ ಸಲಗದ ಜತೆ ಕಾದಾಡಿ ಸತ್ತ. ದಸರೆಯಲ್ಲಿ ಎಂಟು ವರ್ಷ ಚಿನ್ನದ ಅಂಬಾರಿ ಹೊತ್ತವನು. ಅವನನ್ನೂ 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲೇ ಹಿಡಿದಿದ್ದರು.

ತಡೆಯುವ ದಾರಿಗಳೂ ಇವೆ. ಕಂದಕ ಮಳೆಗೆ ಕುಸಿಯುತ್ತದೆ. ಸೋಲಾರ್ ಬೇಲಿಯ ಮೇಲೆ ಆನೆ ಮರ ಕೆಡವುತ್ತದೆ. ಹಳೆ ರೈಲ್ವೆ ಕಂಬಿಯ ಬೇಲಿ ಗಟ್ಟಿ, ಆದರೆ ದುಬಾರಿ. ಕಾಡಿನ ಅಂಚು ಸ್ಪಷ್ಟವಾಗಿರುವ ನಾಗರಹೊಳೆ ಬದಿಗೆ ಅದು ಸರಿ. ಆಲೂರಿನಲ್ಲಿ ಯಾವ ಅಂಚಿಗೆ ಹಾಕುವುದು? ಆನೆ ಬೇಲಿಯ ಒಳಗೇ ಇದೆ.

ಈಗ ಭದ್ರಾ ಅಭಯಾರಣ್ಯದ ಬಳಿ ಆನೆಧಾಮ ಮಾಡಿ ಅಲ್ಲಿಗೆ ಸಾಗಿಸುವ ಮಾತಿದೆ. ನನಗೆ ಇದು ಹಳೇ ಮದ್ದಿಗೆ ಹೊಸ ಹೆಸರಿಟ್ಟಂತೆ ಕಾಣುತ್ತದೆ. ಅದಕ್ಕಿಂತ ಸದ್ದಿಲ್ಲದೆ ಕೆಲಸ ಮಾಡುತ್ತಿರುವುದು ಆನೆ ಎಲ್ಲಿದೆ ಎಂದು ತಿಳಿಸುವ ಕೊರಳಪಟ್ಟಿ (ರೇಡಿಯೋ ಕಾಲರ್), ಮೊಬೈಲ್ ಸಂದೇಶ, ದಾರಿ ಬದಿಯ ಎಚ್ಚರಿಕೆ ಫಲಕ. ಜೀವ ಹೋಗುವುದು ಹೆಚ್ಚಾಗಿ ತೋಟದ ಮಾಲೀಕರದ್ದಲ್ಲ, ಬೆಳಿಗ್ಗೆ ಮಂಜಿನಲ್ಲಿ ಕೂಲಿಕಾರರ ಲೈನ್ ಮನೆಯಿಂದ ನಡೆದು ಕೆಲಸಕ್ಕೆ ಹೋಗುವವರದ್ದು. ಸಾವಿನ ಪರಿಹಾರವನ್ನು ಸರ್ಕಾರ 7.5 ಲಕ್ಷದಿಂದ 15 ಲಕ್ಷಕ್ಕೆ ಏರಿಸಿತು. ಆದರೆ ಆನೆ ಯಾವ ತೋಟದಲ್ಲಿದೆ ಎಂಬ ಸಂದೇಶ ಮಾಲೀಕರ ಫೋನಿಗೆ ಬಂದು ಅಲ್ಲೇ ನಿಂತರೆ, ಕಾಫಿ ಕೊಯ್ಯಲು ಹೊರಟವರಿಗೆ ಅದರಿಂದ ಏನೂ ಆಗುವುದಿಲ್ಲ.